ಕ್ರೇನಿನ ಕೆಳಗಿದ್ದ ಕಾಫಿ ಮಷೀನು

ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ನಗು ಬರೋದಿಲ್ಲ. ಇದು ಯಾರೋ ಎಲ್ಲೋ ಹೇಳಿದ್ದಲ್ಲ, ನಮ್ಮ ಚಿಕ್ಕಮ್ಮನ ಮಗ ಕ್ಲೆಮ್ ಹುಡಾಕನಿಗೆ ಆದದ್ದು. ಅರ್ಧಕ್ಕರ್ಧ ನಾನೇ ಕಣ್ಣಾರೆ ಕಂಡಿದ್ದೇನೆ.

ಅವತ್ತು ಸ್ಲೋವಾಕ್ ಸಂಘದ ಹಾಲ್‌ನಲ್ಲಿ ಇಸ್ಪೀಟು ಮುಗಿಸಿ ಮನೆಗೆ ನಡೆದು ಬರುತ್ತಿದ್ದೆ. ಪಿಟ್ಸ್‌ಬರ್ಗಿನ ಕೆಳಗೆ, ಹೊಳೆ ದಂಡೆಯ ಊರು ನಮ್ಮದು. ಉಕ್ಕಿನ ಕಾರ್ಖಾನೆ ಮುಚ್ಚಿ ಯಾವ ಕಾಲವಾಯಿತೋ. ಅದರ ಗೋಡೆ ಪಕ್ಕದಲ್ಲಿ ಹಲಗೆ ಬಡಿದು ಮುಚ್ಚಿದ ಬಾವಿ ಇದೆ. ಅಲ್ಲಿ ನಾನು ಯಾವಾಗಲೂ ಬೇಗ ಬೇಗ ಹೆಜ್ಜೆ ಹಾಕುತ್ತೇನೆ. ಹೆದರಿಕೆ ಅಂತಲ್ಲ... ಆಯ್ತು, ಹೆದರಿಕೆ ಅಂತಲೇ ಇಟ್ಟುಕೊಳ್ಳಿ. ಬಾವಿ ದಾಟುತ್ತಿದ್ದ ಹಾಗೆ ಸದ್ದು ಕೇಳಿಸಿತು.

ಡಣ್... ಡಣ್... ಡಣ್.

ಕ್ರೇನು ಹೊರಡುವಾಗ ಹೊಡೆಯುವ ಗಂಟೆ. ಆ ಕಾರ್ಖಾನೆಯಲ್ಲೇ ತಲೆ ನರೆಸಿಕೊಂಡವನು ನಾನು, ನನಗೆ ಗೊತ್ತಾಗದೆ ಇರುತ್ತದೆಯೇ? ಆದರೆ ಆ ಕ್ರೇನನ್ನು ಕಳಚಿ ಗುಜರಿಗೆ ಹಾಕಿಯಾಗಿತ್ತು. ಸದ್ದು ಬರುತ್ತಿದ್ದದ್ದು ಕ್ಲೆಮ್‌ನ ಗ್ಯಾರೇಜಿನಿಂದ.

ಕ್ಲೆಮ್‌ಗೆ ಹಳೇ ಮಷೀನು ರಿಪೇರಿ ಮಾಡುವ ಹುಚ್ಚು. ಆಗ ಅವನ ಕೈಯಲ್ಲಿ ಇದ್ದದ್ದು ಕಾರ್ಖಾನೆಯ ಕಾಫಿ ಮಷೀನು. ಬಿಲ್ಲೆ ಹಾಕಿದರೆ ಪೇಪರ್ ಕಪ್ಪು ಬಿದ್ದು ಕಾಫಿ ಸುರಿಯುವಂಥದ್ದು, ನಮ್ಮ ಯೌವನದ ಕಾಲದ್ದು. ಸಂಘದ ಹಾಲ್‌ನಲ್ಲಿ ಕಾರ್ಖಾನೆಯ ನೆನಪಿಗೆ ಇಡೋಣ ಅಂತ ಎಲ್ಲರೂ ಸೇರಿ ಅವನಿಗೆ ವಹಿಸಿದ್ದೆವು. ತುಕ್ಕು ಉಜ್ಜಿ ಕೆಂಪು ಬಣ್ಣ ಹೊಡೆದ. ನೀರು ಕಾಯುವ ತೊಟ್ಟಿಗೆ ವಿನೆಗರ್ ಹಾಕಿ ಪದರುಗಟ್ಟಿದ ಸುಣ್ಣ ತೆಗೆದ. ಬಿಲ್ಲೆ ಉರುಳುವ ದಾರಿಯನ್ನು ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿದ. ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಮಾಡಿದ, ಪಾಪ.

ಆ ಮಷೀನು ಮೊದಲು ನಿಂತಿದ್ದದ್ದು ಕ್ರೇನಿನ ಏಣಿಯ ಬುಡದಲ್ಲಿ. ಪಾಳಿ ಬಿಡಿಸುವವನು, ಅಂದರೆ ಮುಂದಿನ ಪಾಳಿಯವನು, ಬರುವ ತನಕ ಕ್ರೇನಿನವನು ಜಾಗ ಬಿಡುವ ಹಾಗಿಲ್ಲ. ಅವನು ಬಂದಾಗ ಇವನು ಒಂದು ಕಾಫಿ ಹಿಡಿದು ಅವನ ಕೈಗೆ ಕೊಟ್ಟು, 'ಇನ್ನು ನಿಂದು' ಅನ್ನಬೇಕು. ಅವನು ಒಂದು ಗುಟುಕು ಕುಡಿದು 'ನಂದು' ಅನ್ನಬೇಕು. ಅಷ್ಟಾದ ಮೇಲೆಯೇ ಮನೆ. ನಮ್ಮೂರಲ್ಲಿ ಎಳೇ ಮಗುವನ್ನು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಕೊಡುವಾಗಲೂ ಹೀಗೇ ಅನ್ನುತ್ತೇವೆ, ಬಾಯಿಗೆ ತಾನಾಗಿ ಬರುತ್ತದೆ.

ಒಂದು ಹಿಮಗಾಳಿಯ ರಾತ್ರಿ ಪಾವ್ಲಿಕ್ ಅನ್ನುವವನು ಕಾಫಿ ಹಿಡಿದಿಟ್ಟು ಕಾದ. ಬಿಡಿಸುವವನು ಬರಲೇ ಇಲ್ಲ. ಮತ್ತೆ ಮೇಲೆ ಹತ್ತಿದ ಪಾವ್ಲಿಕ್, ಅಲ್ಲೇ ಎದೆ ನಿಂತು ಸತ್ತ. ಬರಬೇಕಾಗಿದ್ದವನು ಕ್ಲೆಮ್‌ನ ಅಪ್ಪ ಸಿರಿಲ್. ಬಾರಿನಲ್ಲಿ ಕೂತಿದ್ದ. ಆಮೇಲೆ ಒಂದು ಹನಿ ಮುಟ್ಟಲಿಲ್ಲ, ಆ ಮಾತನ್ನೂ ಎತ್ತಲಿಲ್ಲ.

ಅವತ್ತು ನಾನು ಸದ್ದು ಹಿಡಿದು ಹೋದರೆ, ಗ್ಯಾರೇಜಿನ ಬಾಗಿಲಲ್ಲಿ ಕ್ಲೆಮ್‌ನ ಹೆಂಡತಿ ಅರ್ಲೀನ್ ನೈಟಿಯಲ್ಲೇ ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ರೂಡಿ, ಇವ್ನನ್ನ ಹೊರಗೆ ಎಳ್ಕೊಂಡ್ ಬಾ."

"ಯಾಕೆ, ಬರಲ್ವಂತಾ?"

"ಬರೋಕೆ ಆಗ್ತಾ ಇಲ್ಲ ಕಣೋ..."

ಕ್ಲೆಮ್ ಮಷೀನಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. ಪಿಸುಗುಟ್ಟಿದ.

"ನಾನು ಬಿಲ್ಲೆ ಹಾಕ್ಲಿಲ್ಲ ರೂಡಿ. ದೇವರಾಣೆ ಹಾಕ್ಲಿಲ್ಲ. ಟಣ್ ಅಂತು... ಒಳಗೆ ಕಟಕ್ ಅಂತು... ಟಪ್ ಅಂತ ಕಪ್ಪು ಬಿತ್ತು. ಸರ್‍ರ್ ಅಂತ ಕಾಫಿ."

"ವೈರು ಎಲ್ಲೋ ಕೂಡ್ಕೊಂಡಿರತ್ತೆ, ಬಿಡು."

"ಹಿಂದಿಂದ ಯಾರೋ 'ಇನ್ನು ನಿಂದು' ಅಂದ್ರು. ನೀನೇ ಬಂದು ಆಟ ಆಡ್ತಿದೀಯ ಅನ್ಕೊಂಡೆ. ಕಪ್ಪು ತಗೊಂಡು ಕುಡಿದು..."

"ಏನಂದೆ?"

"ನಂದು ಅಂದೆ."

ಅವನು ಅಷ್ಟು ಅಂದದ್ದೇ ತಡ, ಯಾರೋ ಕಬ್ಬಿಣದ ಏಣಿ ಇಳಿದರಂತೆ, ಠಣ್, ಠಣ್, ಠಣ್. ಬಾಗಿಲ ಹಿಡಿ ತಿರುಗಿತಂತೆ. ಯಾರೋ ಉಸ್ಸಪ್ಪಾ ಅಂತ ಉಸಿರು ಬಿಟ್ಟು ಹೊರಗೆ ಹೋದರಂತೆ.

ನಾನು ಅವನ ರಟ್ಟೆ ಹಿಡಿದು ಎಳೆದೆ. ಹೊಸ್ತಿಲ ತನಕ ಬಂದ. ಕಾಲು ಎತ್ತಿದ್ದೇ, ನಮ್ಮ ತಲೆ ಮೇಲೆ ಡಣ್! ಮೇಲೆ ಒಂದು ಬಲ್ಬು ಬಿಟ್ಟರೆ ಏನೂ ಇಲ್ಲ. ಕ್ಲೆಮ್‌ನ ಕಾಲು ತಾವಾಗಿ ತಿರುಗಿ ಅವನನ್ನು ಸ್ಟೂಲಿಗೆ ವಾಪಸು ಒಯ್ದವು. ಮುಖ ನಮ್ಮ ಕಡೆ ಇತ್ತು, ಕಾಲು ಆ ಕಡೆ. ಅದನ್ನು ನೋಡಿದ ನನಗೆ ಉಚ್ಚೆ ಬರುವುದೊಂದು ಬಾಕಿ.

"ಬಿಡಿಸೋಕೆ ಇನ್ನೊಬ್ರು ಬರಬೇಕು," ಅಂದೆ. ಅನ್ನಬಾರದಿತ್ತು. ಅರ್ಲೀನ್ ಸೀದಾ ಒಳಗೆ ಬಂದು ಬಿಲ್ಲೆ ಹಾಕಿದಳು. ಟಣ್. ಕಟಕ್. ಟಪ್.

"ನಂಗೆ ಕೊಡು ಕ್ಲೆಮ್. ನೀನು ಆಚೆ ಹೋಗು."

"ಮುಟ್ಟಬೇಡ! ಅರ್ಲೀನ್, ನಿನ್ನ ಕಾಲಿಗೆ ಬೀಳ್ತೀನಿ, ಮುಟ್ಟಬೇಡ!"

ಬಿದ್ದ ಕಪ್ಪನ್ನು ತಾನೇ ಬಾಚಿ ಎದೆಗೆ ಒತ್ತಿಕೊಂಡ. ಬಿಸಿ ಕಾಫಿ ಚೆಲ್ಲಿ ಕೈ ಸುಟ್ಟರೂ ಬಿಡಲಿಲ್ಲ. ಅವಳು ಅವನ ಬೆರಳು ಬಿಡಿಸುತ್ತಾ ಅಳುತ್ತಿದ್ದಳು. ಆಗ ನನ್ನ ಹಿಂದೆ ಚಪ್ಪಲಿ ಸದ್ದು. ಸರ್... ಸರ್...

ಸಿರಿಲ್ ಚಿಕ್ಕಪ್ಪ. ಮಹಡಿ ಮೇಲಿನ ಕೋಣೆ ಬಿಟ್ಟು ಕೆಳಗೆ ಇಳಿಯದೆ ವರ್ಷವಾಗಿದ್ದ ಮುದುಕ, ಪಾಯಿಜಾಮದಲ್ಲಿ, ಯಾರ ಆಸರೆಯೂ ಇಲ್ಲದೆ ನಡೆದು ಬಂದಿದ್ದ.

"ಅದು ಪಾವ್ಲಿಕ್ ನಂಗೆ ಇಟ್ಟಿದ್ ಕಾಫಿ," ಅಂದ. "ನಿಂಗ್ಯಾರೋ ಕುಡಿ ಅಂದಿದ್ದು?"

"ಅಪ್ಪಾ, ಮೇಲೆ ಹೋಗು..."

"ಸುಮ್ನಿರೋ. ಅದು ನನ್ ಪಾಳಿ."

"ನಾನು ಹೇಳಲ್ಲ ಅಪ್ಪಾ. ನಿಂದು ಅಂತ ನಾನು ಹೇಳಲ್ಲ!"

"ನೀನು ಹೇಳೋದೇನು? ಅವನು ಹೇಳಿ ಬಹಳ ಕಾಲ ಆಯ್ತು."

ಮಗನ ಕೈಯಿಂದ ಕಪ್ಪು ತೆಗೆದುಕೊಂಡ. ಉಫ್ ಉಫ್ ಅಂತ ಊದಿದ. ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಥೂ. ಆಗ್ಲೂ ಹಿಂಗೇ ಇತ್ತು, ಪಾತ್ರೆ ತೊಳೆದ ನೀರು." ಆಮೇಲೆ ಮೆಲ್ಲಗೆ ಅಂದ, "ನಂದು."

ಕ್ಲೆಮ್ ಹೊಸ್ತಿಲಾಚೆ ಮುಗ್ಗರಿಸಿ ಬಿದ್ದ, ಹಿಡಿದಿದ್ದ ಕೈ ಬಿಟ್ಟ ಹಾಗೆ. ನಾವಿಬ್ಬರೂ ಹೊರಗೆ ಓಡಿ ಅವನನ್ನು ಎತ್ತಲು ಬಗ್ಗಿದೆವು. ಹಿಂದೆ ಬಾಗಿಲು ಹಾಕಿಕೊಂಡಿತು. ಆಮೇಲೆ ನೂಕಿದರೂ ಒದ್ದರೂ ತೆರೆಯಲಿಲ್ಲ. ಕ್ಲೆಮ್ ಅಪ್ಪಾ ಅಪ್ಪಾ ಅಂತ ಬಾಗಿಲು ಬಡಿದು ಬಡಿದು ಸೋತ. ಒಳಗೆ ಗಂಟೆ ಹೊಡೆಯುತ್ತಿತ್ತು. ಸರಪಳಿ ಝಲ್ ಝಲ್ ಇಳಿಯುತ್ತಿತ್ತು. ಕಂಬಿ ಮೇಲೆ ಚಕ್ರ ಕಿರ್‍ರ್ ಅಂತ ಆ ಕೊನೆಗೆ ಹೋಗಿ ಈ ಕೊನೆಗೆ ಬರುತ್ತಿತ್ತು. ಒಂದೇ ಒಂದು ಕಾರು ನಿಲ್ಲುವಷ್ಟು ಗ್ಯಾರೇಜು ಅದು...

ಬೆಳಗಾದ ಮೇಲೆ ಬಾಗಿಲು ಮುಟ್ಟಿದ ಕೂಡಲೇ ತೆರೆಯಿತು. ಚಿಕ್ಕಪ್ಪ ಮಷೀನಿಗೆ ಒರಗಿ ಸ್ಟೂಲಿನ ಮೇಲೆ ಕೂತಿದ್ದ. ಉಸಿರಿರಲಿಲ್ಲ. ಡಾಕ್ಟರು ಬಂದು ವಯಸ್ಸಾಗಿತ್ತು, ಎದೆ ನಿಂತಿದೆ ಅಂದರು. ಇದ್ದಿರಬಹುದು. ಡಾಕ್ಟರ ಮಾತಿಗೆ ನಾನು ಎದುರಾಡುವುದಿಲ್ಲ.

ಆದರೆ ಹೆಣಕ್ಕೆ ಸೂಟು ತೊಡಿಸುವಾಗ ನಾನಿದ್ದೆ. ಚಮಚ ಬಿಟ್ಟು ಬೇರೇನೂ ಹಿಡಿಯದ ಮುದುಕನ ಎರಡೂ ಅಂಗೈಯಲ್ಲಿ ಹೊಸ ಬೊಬ್ಬೆ ಎದ್ದು ಒಡೆದಿದ್ದವು. ಕ್ರೇನಿನ ಹಿಡಿ ತಿರುಗಿಸುವವರಿಗೆ ಏಳುತ್ತವಲ್ಲ, ಅದೇ ಜಾಗದಲ್ಲಿ. ಕ್ಲೆಮ್ ನೋಡಬಾರದು ಅಂತ ಬಿಳೀ ಕೈಗವಸು ತರಿಸಿದೆವು. ತೊಡಿಸಿದವನು ನಾನೇ.