ಖಾಲಿ ಚೌಕಗಳು

...ಇಲ್ಲ, ತಲೆ ಅಲ್ಲಾಡಿಸಬೇಡ. ದವಡೆಗೆ ಕಟ್ಟಿರೋ ತಂತಿ ಸಡಿಲ ಆದ್ರೆ ಮತ್ತೆ ಮೊದಲಿಂದ ಶುರು ಅಂತ ಡಾಕ್ಟರು ಹೇಳಿದಾರೆ. ಏನಾದ್ರೂ ಬೇಕು ಅಂದ್ರೆ ಸ್ಲೇಟಲ್ಲಿ ಬರಿ. ಎಡಗೈ ಬೆರಳು ಸರಿಯಾಗೇ ಇವೆಯಲ್ಲ.

ನಾನು ಹೇಳ್ತಿರೋದು ಇಷ್ಟೇ ಕಣೋ. ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಬರ್ತಾರೆ. ನೀನು ಬರೆದದ್ದೇ ಹೇಳಿಕೆ. 'ಹೊಡೆದವನು ಹೆಲ್ಮೆಟ್ ಹಾಕಿದ್ದ, ಯಾರು ಅಂತ ಗೊತ್ತಾಗಲಿಲ್ಲ.' ಒಂದೇ ಸಾಲು. ನಿಮ್ಮ ಕಟ್ಟಡದ ಕಾವಲಿನವನೂ ಅದನ್ನೇ ಹೇಳಿದಾನೆ. ನಿಜಾನೂ ಅದೇ. ಅಲ್ವಾ?

ಅಲ್ವೇನೋ?

ಸರಿ. ಯೋಚನೆ ಮಾಡು. ಇನ್ನೂ ನಲವತ್ತು ನಿಮಿಷ ಇದೆ.

ಆ ನನ್ಮಗ ಒಂದ್ಸಲ ನನ್ನ ಕೈಗೆ ಸಿಗಲಿ. ಭಾನುವಾರ ಹಾಡುಹಗಲು, ನಾಲ್ಕು ಗಂಟೆಗೆ, ನಿಮ್ಮ ಕಟ್ಟಡದ ನೆಲಮಾಳಿಗೆಲಿ, ಬಗ್ಗಿ ಬೈಕಿನ ಬೀಗ ತೆಗೀತಿದ್ದವನ ಮೇಲೆ ಕಬ್ಬಿಣದ ಸಲಾಕೆ ಎತ್ತೋನು ಗಂಡಸಾ? ನಿನ್ನ ಮೂರು ಬೆರಳಿಗೆ ಅವನವು ಆರು ಮುರೀತೀನಿ. ಒಂದೊಂದಾಗಿ. ನಿಧಾನಕ್ಕೆ. ಆಮೇಲೆ ಹಲ್ಲು... ಯಾಕೆ ಹಾಗೆ ನೋಡ್ತೀಯ? ನಗ್ತಿದೀಯಾ? ನಗಬೇಡ ಮಾರಾಯ, ಹೊಲಿಗೆ ಎಳೆಯುತ್ತೆ.

ಆ ಇನ್‌ಸ್ಪೆಕ್ಟರಿಗೆ ನನ್ನ ಮೇಲೇ ಒಂದು ಕಣ್ಣು. ಶುಕ್ರವಾರ ಆಟದಲ್ಲಿ ಅಣ್ಣತಮ್ಮಂದಿರಿಗೆ ಜಗಳ ಆಯ್ತಂತಲ್ಲ ಅಂದ್ರು. ನಮ್ಮ ಜೊತೆ ಆಡೋ ಆ ದರ್ಜಿ ಊದಿದಾನೆ, ಇನ್ಯಾರು? ಊರವರ ಬಟ್ಟೆ ಎಲ್ಲ ಹೊಲೀತಾನೆ, ತನ್ನ ಬಾಯಿಗೆ ಎರಡು ಹೊಲಿಗೆ ಹಾಕ್ಕೊಳ್ಳೋಕಾಗಲ್ಲ. ನಲವತ್ತಾರು ವರ್ಷದವರು ಕಂಪ್ಯೂಟರಲ್ಲಿ ಕತ್ತಿ ಹಿಡ್ಕೊಂಡು ಓಡಾಡ್ತೀರಾ ಅಂತ ಕೇಳಿ ನಕ್ಕರು ಬೇರೆ. ಅವರಿಗೆ ಹೇಗೆ ಹೇಳೋದು? ಆಟ ಮಾಡಿದ ಕಂಪನಿಯವರೇ ಬಾಗಿಲು ಹಾಕ್ಕೊಂಡು ಹೋದ ಮೇಲೂ ಅದನ್ನ ಉಸಿರಾಡಿಸಿದವನು ನೀನು. ನನ್ನ ಹಳೇದು, ನಿನ್ನ ಹೊಸದು, ನಿಮ್ಮತ್ತಿಗೆ ಲ್ಯಾಪ್‌ಟಾಪು. ಮೂರು ಮೂರು ಕುಲದ ಕಂಪ್ಯೂಟರು, ಒಂದಕ್ಕೊಂದು ಆಗಿಬರಲ್ಲ. ಮೂರರಲ್ಲೂ ಕೂರಿಸಿಕೊಟ್ಟೆ. ಆ ಉಪಕಾರ ನಾನು ಮರೆತಿಲ್ಲ.

ಶುಕ್ರವಾರದ್ದೂ ಮರೆತಿಲ್ಲ, ಅದು ಬೇರೆ ಮಾತು.

ಆಟದಲ್ಲಿ ನಾನು ಹತ್ತೊಂಬತ್ತು ವರ್ಷ ಸಾಕಿದ ಯೋಧ ಅವನು. ಸೇತುವೆ ಮೇಲೆ ನಿನ್ನೆದುರು ಕತ್ತಿ ಎತ್ತಿದ, ನನ್ನ ಕಂಪ್ಯೂಟರು ನಿಂತುಹೋಯ್ತು. ನಾಲ್ಕು ಸೆಕೆಂಡು. ನೀನು ಕಾಯಬಹುದಿತ್ತು. ಚಿತ್ರ ಮತ್ತೆ ಅಲ್ಲಾಡಿದಾಗ ನಿನ್ನ ಕೊಡಲಿ ಅವನ ಮಂಡಿ ಕಡಿದಾಗಿತ್ತು. ಆಮೇಲೆ ಭುಜ. ಆಮೇಲೆ ಕುತ್ತಿಗೆ... ಮೂರು ಸಲ, ಒಂದೇ ಜಾಗಕ್ಕೆ. ತಲೆ ಉರುಳಿ ನೀರಿಗೆ ಬಿತ್ತು. ಸತ್ತವನ ಮೈಮೇಲಿದ್ದದ್ದೆಲ್ಲ ಕೊಂದವನಿಗೆ, ಅದು ಆಟದ ನಿಯಮ, ಒಪ್ಪಿದೆ. ನೀನು ಕವಚ ಬಿಚ್ಚಿಕೊಂಡೆ, ಒಪ್ಪಿದೆ. ಅದನ್ನ ತೊಟ್ಟು ಹೆಣದ ಮೇಲೆ ಕುಣಿಯೋದು ಯಾವ ನಿಯಮ? 'ಹಳೇ ಡಬ್ಬ ಗುಜರಿಗೆ ಹಾಕಣ್ಣ' ಅಂತ ಬರೆದೆ. ನಲವತ್ತು ಜನ ನೋಡ್ತಿದ್ರು. ನಲವತ್ತೂ ಜನ ನಕ್ಕರು.

ನಾನೂ ನಕ್ಕೆ. ಆಣೆ ಮಾಡ್ತೀನಿ ಬೇಕಾದ್ರೆ. ಆಟ ಆಟಾನೇ.

ಅದಕ್ಕೇ ಇನ್‌ಸ್ಪೆಕ್ಟರಿಗೆ ನೇರವಾಗಿ ಹೇಳಿದೆ. ಭಾನುವಾರ ಮೂರೂವರೆಯಿಂದ ಐದರವರೆಗೆ ಮನೇಲಿ, ನನ್ನ ಹಳೇ ಕಂಪ್ಯೂಟರಲ್ಲಿ ಆಡ್ತಾ ಕೂತಿದ್ದೆ, ಆಟದಲ್ಲಿ ದರ್ಜಿ ಜೊತೆಗಿದ್ದ, ಹಲ್ಲಿನ ಡಾಕ್ಟರೂ ಇದ್ರು, ಅವರ ಪರದೆ ಮೇಲೆ ನನ್ನ ಮಾತು ಬರ್ತಾನೇ ಇತ್ತು, ಕೇಳಿ ನೋಡಿ ಅಂತ. ಬರೆಸಿ ಸಹಿ ಹಾಕಿದೀನಿ.

ಏನದು? ದಿಂಬಿನ ಕೆಳಗೆ ಏನು ಹುಡುಕ್ತೀಯ? ತಡಿ, ನಾನು ತೆಗೆದುಕೊಡ್ತೀನಿ... ಓಹೋ. ಭಾನುವಾರ ಆಟದಲ್ಲಿ ಹೊಡೆದ ಮಾತುಕತೆ. ದರ್ಜಿ ಮುದ್ರಿಸಿ ತಂದುಕೊಟ್ಟನಾ? ಒಳ್ಳೇದೇ ಆಯ್ತು. ನೀನೇ ನೋಡು. ಮೂರೂ ಐವತ್ತೆಂಟು, ನನ್ನ ಹೆಸರು. ನಾಲ್ಕೂ ಮೂರು, ನನ್ನ ಹೆಸರು. ಇನ್ನೇನು ಬೇಕು?

ಎಲ್ಲಿ ಬೆರಳಿಟ್ಟೆ? ನಾಲ್ಕೂ ಏಳು. ಖಾಲಿ ಚೌಕಗಳು, ಸಾಲುದ್ದಕ್ಕೂ. ಅದಕ್ಕೇನೀಗ? ಕೀಬೋರ್ಡಿನ ಭಾಷೆ ಬದಲಾಯಿಸೋದು ಮರೆತು ನಮ್ಮ ಅಕ್ಷರದಲ್ಲೇ ಹೊಡೆದಿದೀನಿ. ಆ ಮುದಿ ಆಟಕ್ಕೆ ಇಂಗ್ಲಿಷ್ ಅಕ್ಷರ ಬಿಟ್ರೆ ಇನ್ನೇನೂ ಗೊತ್ತಿಲ್ಲ. ದಿನಾ ಮರೀತೀನಿ, ದಿನಾ ನಿಮ್ಮ ಹತ್ರ ಬೈಸ್ಕೋತೀನಿ.

ಸ್ಲೇಟಲ್ಲೇನು? ಇದೊಂದೇನಾ? ಬರೀ ಪ್ರಶ್ನೆ ಚಿಹ್ನೆ ಹಾಕಿದ್ರೆ ನಾನೇನು ಅರ್ಥ ಮಾಡ್ಕೊಳ್ಳಲಿ? ಏನು ಕೇಳ್ತಿದೀಯ?

...ಓ.

ಪ್ರಶ್ನೆ ಕೇಳ್ತಿಲ್ಲ ನೀನು.

ನನ್ನ ಹಳೇದರಿಂದ ನಮ್ಮ ಅಕ್ಷರ ಹೊಡೆದ್ರೆ ಪ್ರಶ್ನೆ ಚಿಹ್ನೆಗಳಾಗಿ ಬರುತ್ತೆ. ಚೌಕ ಬರೋದು ನಿಮ್ಮತ್ತಿಗೆ ಲ್ಯಾಪ್‌ಟಾಪಿಂದ. ನೀನೇ ಕಂಡುಹಿಡಿದು ಎಲ್ಲರಿಗೂ ಹೇಳಿಕೊಟ್ಟಿದ್ದು. ಅಣ್ಣ ಎಲ್ಲಿ ಕೂತಿದಾನೆ ಅಂತ ಅವನ ತಪ್ಪು ನೋಡಿ ಹೇಳಿ ಅಂತ ತಮಾಷೆ ಮಾಡ್ತಿದ್ದೆ.

ಅಲ್ಲ, ಅವಳದ್ದರಲ್ಲೇ ಆಡಿದೆ ಅಂದ್ಕೋ. ಇನ್‌ಸ್ಪೆಕ್ಟರಿಗೆ ಹಳೇದು ಅಂತ ಬಾಯಿ ತಪ್ಪಿ ಬಂತು ಅಂದ್ಕೋ. ಆಗಬಾರದಾ? ...ಕಾಗದ ಮಡಚಬೇಡ. ಇಲ್ಲಿ ನೋಡು.

ನಿಮ್ಮತ್ತಿಗೆನ ಇದರಲ್ಲಿ ಎಳೀಬೇಡ. ಪೆಟ್ರೋಲ್ ಹಾಕಿಸ್ಕೊಂಡು ಬರ್ತೀನಿ, ಅಲ್ಲೀವರೆಗೆ ನನ್ನ ಹೆಸರಲ್ಲಿ ಆಡ್ತಿರು, ಆಗಾಗ ಏನಾದ್ರೂ ಹೊಡಿ, ದರ್ಜಿ ಬೇಜಾರಾಗ್ತಾನೆ ಅಂದಿದ್ದೆ. ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಸಂಜೆ ನನ್ನ ಅಂಗಿ ಎರಡು ಸಲ ಒಗೆದಳು. ಆವತ್ತಿಂದ ಏನೂ ಕೇಳ್ತಿಲ್ಲ.

ನೀನಾದ್ರೂ ಏನಾದ್ರೂ ಬರಿ. ಬೈದು ಬರಿ.

...ಇದೇನು, ಸ್ಲೇಟು ನನ್ನ ಕೈಗೆ? ಬಳಪಾನೂ? ಇನ್‌ಸ್ಪೆಕ್ಟರಿಗೆ ಬೇಕಾಗಿರೋದು ನಿನ್ನ ಹೇಳಿಕೆ ಕಣೋ, ನಂದಲ್ಲ. ತಗೋ. ತಗೊಳ್ಳೋ... ಕಣ್ಣು ಮುಚ್ಚಬೇಡ.

ನಿನಗೆ ಕಾಗದ ಬೇಕೇ ಇರಲಿಲ್ಲ, ಅಲ್ವಾ? ಮೊದಲಿಂದಲೂ ಗೊತ್ತು ನಿನಗೆ. ಐದು ದಿನ ನಾನು ಇಲ್ಲಿ ಕೂತು ನಿನ್ನ ಬಾಯಿಗೆ ಕೊಳವೆಲಿ ಗಂಜಿ ಬಿಡ್ತಿದ್ದೆ, ಗೊತ್ತಿದ್ದೇ ಕುಡಿದೆ.

ಏನು ಬರೀಲಿ? ಮೊದಲನೇ ಏಟಿಗೆ ಕೈ ಅಡ್ಡ ತಂದ, ಬೆರಳು ಹೋಯ್ತು ಅಂತಲಾ? ಎರಡನೇದು ಪಕ್ಕೆಗೆ ಅಂತಲಾ? ಅಲ್ಲಿಗೆ ನಿಲ್ಲಿಸ್ತಿದ್ದೆ ಕಣೋ. ನಿಲ್ಲಿಸೋನಿದ್ದೆ. ಹೆಲ್ಮೆಟ್ ಇತ್ತು, ಬೇರೆಯವರ ಕೋಟು ತೊಟ್ಟಿದ್ದೆ, ತುಟಿ ಪಿಟಕ್ ಅಂದಿರಲಿಲ್ಲ ನಾನು. ನೀನು ನೆಲದ ಮೇಲಿಂದ ತಲೆ ಎತ್ತಿ 'ಅಣ್ಣಾ' ಅಂದೆ.

ಮೂರನೇದು ಅದಕ್ಕೇ ಬಾಯಿಗೆ ಬಿತ್ತು.