ಕಸದ ಡಬ್ಬ ಬಲದಿಯದ್ದು

...ಅಲ್ಲ ರಝಾಕೇ, ನೀನೇ ಹೇಳು ಮಾರಾಯ, ಆ ಕಸದ ಡಬ್ಬ ಯಾರದ್ದು? ಬಲದಿಯದ್ದು! ಊರಲ್ಲಿ ಪುರಸಭೆ ಇದ್ದ ಹಾಗೆ ಇಲ್ಲಿ ಅರಬರ ದೇಶದಲ್ಲಿ ಬಲದಿಯ. ರಸ್ತೆ ಅವರದ್ದು, ಚರಂಡಿ ಅವರದ್ದು, ಆ ಆನೆಯಂಥ ಕಬ್ಬಿಣದ ಡಬ್ಬವೂ ಅವರದ್ದೇ. ಅದು ಇಳಿಜಾರಿನಲ್ಲಿ ಓಡಿ ಬಂದು ನಿನ್ನ ಕಾಲು ಜಜ್ಜಿದ್ರೆ ಜವಾಬ್ದಾರಿ ಯಾರು? ನಾನಾ?

ಏಳ್ಬೇಡ, ಏಳ್ಬೇಡ! ದಿಂಬು ನಾನು ಸರಿ ಮಾಡ್ತೇನೆ... ಬೇಡ್ವಾ? ಆಯ್ತು, ಮುಟ್ಟುವುದಿಲ್ಲ.

ನನಗೆ ಮೈಯೆಲ್ಲ ಉರೀತದೆ! ಟೈಲರಿನ ಬಲಗಾಲು ಅಂದ್ರೆ ಸದರವಾ? ಮಿಷಿನಿನ ಪೆಡಲು ಒತ್ತುವ ಕಾಲು! ಡಾಕ್ಟರ್ ಎಂತ ಹೇಳಿದ್ದು, ಮೊದಲಿನ ಹಾಗೆ ಆಗ್ತದಂತಾ?... ಹಾಗೆ ತಲೆ ಅಲ್ಲಾಡಿಸ್ಬೇಡ. ಆಗ್ತದೆ. ಆಗ್ಲೇಬೇಕು! ಹೊಲೀಲಿಕ್ಕೆ ಆಗದವನನ್ನು ನಿನಗೆ ವೀಸಾ ಕೊಟ್ಟ ಆ ಕಫೀಲ್ ಊರಿಗೆ ಕಳಿಸ್ತಾನಂತಾ? ಕಳಿಸ್ಲಿ, ನೋಡುವ!

ನಾಳೆ ಪೊಲೀಸಿನವರು ಬಂದು ಕೇಳಿದಾಗ ಹೆದರ್ಬೇಡ. ನೇರ ಹೇಳು: ಬಲದಿಯದ ಲಾರಿಯವ ಕಸ ಖಾಲಿ ಮಾಡಿ, ಚಕ್ರಕ್ಕೆ ಬ್ರೇಕ್ ಹಾಕದೆ ಹೋದ ಅಂತ. ಅಷ್ಟೇ. ಎಂತ ನಗಾಡ್ತೀ? ನಗುವಂಥದ್ದು ಎಂತ ಉಂಟು ಇದರಲ್ಲಿ?

ಹ್ಞಾಂ, ಗೊತ್ತುಂಟು, ನಿನ್ನ ಅಂಗಡಿ ಇಳಿಜಾರಿನ ಕೆಳಗೆ, ಡಬ್ಬ ಇರುವುದು ಮೇಲೆ, ನನ್ನ ಹೋಟೆಲಿನ ಎದುರು. ಅದಕ್ಕೆ? ಶುಕ್ರವಾರ ರಜೆ ಅಂತ ನಮ್ಮ ಶರಫಿಯಾ ಪೇಟೆಗೆ ಜನ ಮುಗಿಬಿದ್ದು ಬರುವುದು, ಈ ದೇಜಪ್ಪನ ಮೀನು ಊಟಕ್ಕೆ ಅಂತ ಬಂದವರು ಮೂಗು ಮುಚ್ಚಿಕೊಂಡು ಪಕ್ಕದ ಹೋಟೆಲಿಗೆ ನುಗ್ಗುವುದು! ಬಲದಿಯಕ್ಕೆ ಎಷ್ಟು ಸಲ ಫೋನ್ ಮಾಡ್ಲಿಲ್ಲ ನಾನು? ಬುಕ್ರಾ, ಬುಕ್ರಾ! ಅವರ ನಾಳೆಗೆ ಬೆಂಕಿ ಬೀಳ! ಮತ್ತೆ ಎಲ್ಲರೂ ಅದನ್ನು ತಮ್ಮ ಅಂಗಡಿ ಎದುರಿಂದ ಆಚೆ ದೂಡುವುದೇ ಅಲ್ವಾ? ಜ್ಯೂಸಿನವ ದೂಡ್ತಾನೆ, ದಿನಸಿ ಅಂಗಡಿಯವ ದೂಡ್ತಾನೆ. ಡಬ್ಬಕ್ಕೆ ಚಕ್ರ ಇಟ್ಟದ್ದು ಯಾರು? ಬಲದಿಯ!

ನಾನು ದೂಡಿದೆ ಅಂತ ಹೇಳಿದ್ನಾ? ಮಾತಿಗೆ ಹೇಳಿದ್ದು, ಥತ್! ಆ ಬ್ರೇಕಿನ ಕಡ್ಡಿ ಮೊದಲೇ ತುಕ್ಕು ಹಿಡಿದದ್ದು. ಒಮ್ಮೆ ಎತ್ತಿದ್ರೆ ಮತ್ತೆ ಕೂತುಕೊಳ್ಳುವುದೇ ಇಲ್ಲ, ಒದ್ದರೂ ಇಲ್ಲ, ಕಲ್ಲಲ್ಲಿ ಕುಟ್ಟಿದ್ರೂ ಇಲ್ಲ...

ಎಂತ ನೋಡ್ತೀ?

ಬಾಯಿ ಬಿಡು ಮಾರಾಯ! ಬೈಯಿ! ಇಷ್ಟು ವರ್ಷ ಒಂದೇ ಗಲ್ಲಿಯಲ್ಲಿ ಇದ್ದೇವೆ, ನನ್ನ ಹೋಟೆಲಿನ ಚಾ ಕುಡಿದವ ನೀನು, ನೀನು ಹೊಲಿದ ಅಂಗಿ ಹಾಕಿದವ ನಾನು, ಒಂದು ಮಾತು ಆಡ್ಲಿಕ್ಕೆ ಆಗುವುದಿಲ್ವಾ? ನಿನ್ನೆ ಬೆಳಿಗ್ಗೆ ನೀನು ಬಗ್ಗಿ ಶಟರಿನ ಬೀಗ ತೆಗೀತಾ ಇದ್ದೆ. ಬೆನ್ನು ನನ್ನ ಕಡೆಗಿತ್ತು. ನೀನು ನೋಡ್ಲಿಕ್ಕೆ ಸಾಧ್ಯವೇ ಇಲ್ಲ!... ನೋಡಿದ್ದು ನಾನು. ಕೈ ತಪ್ಪಿ ಹೋದದ್ದು ಹೋಯ್ತು, ಗಡಗಡ ಅಂತ ನಿನ್ನ ಕಡೆಗೇ...

ಹಾಗೆ ನೋಡ್ಬೇಡ ರಝಾಕೇ! ಕೂಗ್ಲಿಕ್ಕೆ ಬಾಯಿ ತೆಗೆದಿದ್ದೆ, ದೇವರಾಣೆ ತೆಗೆದಿದ್ದೆ... ಹೇಗೆ ಕೂಗುವುದು ಮಾರಾಯ? ಕೂಗಿದ್ರೆ, ದೂಡಿದ್ದು ನಾನು ಅಂತ ಗೊತ್ತಾಗ್ತಿರ್ಲಿಲ್ವಾ?