ಹದಿನೈದು ದಿನಕ್ಕ ಐದು ಕಿಲೋ

…ಚಪ್ಪಲಿಲೇ ಹೊಡೀಬೇಕ ಆ ಚಹಾಪುಡಿ ಮಾರೋ ನೀಲಮಗ! ನೀ ಆರಾಮಾಗಿ ಈ ದವಾಖಾನಿಯಿಂದ ಹೊರಗ ಬಾ ರೂಪಾಲಿ, ಸೀದಾ ಸದಲಗಾಕ್ಕ ಹೋಗಿ ಆಕಿ ಅಂಗಡಿ ಮುಂದ ನಿಂದರ್ತೀನಿ. 'ಹದಿನೈದು ದಿನಕ್ಕ ಐದು ಕಿಲೋ ಇಳೀತೈತ್ರಿ ಕಾಕು, ಪೂರಾ ಆಯುರ್ವೇದಿಕ್!' ಏನ ಬಣ್ಣದ ಪಾಕೀಟ, ಏನ ಸಪೂರ ಸೊಂಟದ ಫೋಟೋ! ಒಳಗೇನೈತಿ? ಸೋನಾಮುಖಿ ಎಲಿ! ಹೊಟ್ಟಿ ಕಟ್ಟಿದ್ರ ನಮ್ಮಜ್ಜಿ ಚಿಟಿಕಿ ಕೊಡ್ತಿದ್ಲು, ಅದ ಜುಲಾಬಿನ ಎಲಿ! ಅದಕ್ಕ ಚಹಾ ಅಂತ ಹೆಸರ!

ಡಾಕ್ಟರ ಅಂದದ್ದ ಕೇಳಿದಿಲ್ಲೋ? ಕೊಬ್ಬ ಕರಗಂಗಿಲ್ಲಂತ. ಮೈಯಾಗಿನ ನೀರ ಹೋಗ್ತೈತಿ, ಉಪ್ಪ ಹೋಗ್ತೈತಿ, ತಕ್ಕಡಿ ಮುಳ್ಳ ಇಳೀತೈತಿ, ಅಷ್ಟ. ಎರಡ ಗ್ಲಾಸ ನೀರ ಕುಡಿದ್ರ ಮುಳ್ಳ ಮತ್ತ ಮ್ಯಾಲೆ! ಉಪ್ಪ ಕಡಿಮಿ ಆದ್ರ ಎದಿ ಬಡಿಯೂದ ತಪ್ಪತೈತಂತ… ಇಪ್ಪತ್ತೆರಡರ ಹುಡುಗಿಗೆ, ಎದಿ!

ಯಾಕ ಹಂಗ ನೋಡಾಕತ್ತಿ? ತಪ್ಪ ನಿಂದೂ ಐತಿ ಬೇ. ಮೂರ ದಿನದ ಉಪವಾಸ ಹಿಡಿ ಅಂತ ಯಾರ ಅಂದಿದ್ರು? ಪರ್ವದಾಗ ಒಂದೊಪ್ಪತ್ತ ಉಂಡಿದ್ರ ಸಾಲ್ತಿದ್ದಿಲ್ಲೇನ? 'ದಿನಕ್ಕೊಮ್ಮೆ ಕಾಸಿದ ನೀರ ಸಾಕ ಅವ್ವಾ, ಬ್ಯಾರೇನೂ ಬ್ಯಾಡ…' ಅಂದಿ. ಮೂರನೇ ದಿನ ಬಸದಿ ಮೆಟ್ಟಲ ಮ್ಯಾಲ ಬಿದ್ದಿ. ಮಂದಿ ಎಲ್ಲಾ ನೋಡಿತು!

ಹೂಂ, ಗೊತ್ತಾತು. ಡಾಕ್ಟರ ಮುಂದ ನಾ ಅಂದ ಮಾತಿಗಿ ಸಿಟ್ಟ ನಿನಗ. 'ಏನ ಕುಡಿದಾಳ?' ಅಂತ ಕೇಳಿದ್ರು, 'ಗೆಳತ್ಯಾರ ಮಾತ ಕೇಳಿ ಆ ಚಹಾ ಕುಡಿದಾಳ್ರಿ ಸಾಹೇಬ್ರ' ಅಂದೆ. ಮತ್ತೇನ ಅನ್ನಲಿ? ಅಲ್ಲೇ ನಿಮ್ಮಪ್ಪ ನಿಂತಿದ್ದ! ಒಂದ ಸುಳ್ಳಿಗೆ ಹಿಂಗ್ಯಾಕ…

ಎಲ್ಲಾ ಆ ನೀಲಮಂದ! ದಿನಕ್ಕ ಎರಡ ಪುಡಿ ಹಾಕಿದ್ರ ಹಿಂಗಾಗ್ತೈತಿ ಅಂತ ಪಾಕೀಟಿನ ಮ್ಯಾಲ ಬರೀಬೇಕೋ ಬ್ಯಾಡೋ?

…ಏನ? ಎರಡ ಅಂತ ಡಾಕ್ಟರ ಅಂದ್ರಲ್ಲ. ಅಂದ್ರು. …ಅನ್ನಲಿಲ್ಲ?

ಕಣ್ಣ ತಗಿ ಅತ್ತಾಗ! ಹಂಗ ನೋಡಬ್ಯಾಡ! ಬೈಯಿ, ಒದರು, ಏನರ ಅನ್ನು!

…ಅಥಣಿಯ ಗಂಡಿನವರು ಮುಂದಿನ ಐತವಾರ ಮತ್ತ ಬರಾವ್ರು ಬೇ. ಹುಡುಗನ ಸೋದರತ್ತಿ ಏನಂದ್ಲು, ಮರತಿ? 'ಹುಡುಗಿ ಛಲೋ, ಜರಾ ದಪ್ಪ.' ನಗಕೋತ ಅಂದ್ಲು, ನಮ್ಮನಿ ಉಂಡಿ ತಿನಕೋತ! ನನ್ನ ಎದಿಯಾಗ ಬೆಂಕಿ ಬಿತ್ತು. ನಿನಗ ಹೇಳಿದ್ರ ನೀ ಕುಡಿತಿದ್ದಿಲ್ಲ. ಉಪವಾಸದಾಗ ಕೊಟ್ಟರ ಲಗೂನ ಇಳೀತೈತಿ ಅಂತ… ಕಾಸಿದ ನೀರಿಗಿ ಹೆಂಗೂ ಲವಂಗ ಹಾಕ್ತೀವಿ, ಕೆಂಪಗ ಇರ್ತೈತಿ, ತಿಳಿಯಂಗಿಲ್ಲ ಅಂತ… 'ಕಹಿ ಐತಿ ಅವ್ವಾ' ಅಂದಿ ನೀ. 'ಲವಂಗ ಜಾಸ್ತಿ ಬಿದ್ದಾವ' ಅಂದೆ. ನೀ ಅದನ್ನೂ ನಂಬಿ, ಣಮೋಕಾರ ಮಂತ್ರ ಅನಕೋತ ಪೂರಾ ಗ್ಲಾಸ ಕುಡಿದಿ. ಮೂರೂ ದಿನ!

ನಿನ್ನ ವ್ರತ ಮುರದಾಕಿ ನಾನ. ಸಾಕೇನ? ಅಂದ್ನಲ್ಲ, ಸಾಕೇನ?

…ಮಾತಾಡಬ್ಯಾಡ ಹೋಗ್ಲಿ. ತಾಸಿಗೊಮ್ಮೆ ನೀರ ಕುಡಸ್ರಿ ಅಂದಾರ ಡಾಕ್ಟರ. ತಗೋ, ಬಾಯಿ ತಗಿ. ಬಾಯಿ ತಗಿ ಅಂದ್ನಲ್ಲ! ಬರೇ ನೀರ ಐತಿ ರೂಪಾಲಿ. ನೋಡಿಲ್ಲಿ, ಮೊದಲ ನಾನ ಒಂದ ಗುಟುಕ ಕುಡಿತೀನಿ… ನೋಡಿದಿ? ಈಗರ…

ತುಟಿ ಯಾಕ ಹಂಗ ಬಿಗಿ ಹಿಡದಿ?

…ನರ್ಸಬಾಯಿನ್ನ ಕರೀಲಿ? ಆಕಿ ಕೈಲೆ ಕುಡಿತಿ?

…ಕರಿತೀನಿ. ತಡಿ, ಕರಿತೀನಿ.